ಮಲಕಾಜಪ್ಪನ ಗಂಟು

೨೫ ಆಗಸ್ಟ್, ರವಿವಾರ

ಮತ್ತೆ ದಿನಚರಿ ಬರೆಯಲು ಶುರುಮಾಡಿದ್ದೇನೆ. ಈ ಮನೆಯಲ್ಲಿ ಇದಕ್ಕೆ ಬೀಗ ಬೇಕಾಗಿಲ್ಲ. ಹೆಂಡತಿ ಗುರಮ್ಮ ಕನ್ನಡಕ ಕಳೆದುಕೊಂಡು ವರ್ಷವಾಯಿತು. ಮಗ ಶೈಲೇಶನನ್ನು ಇಂಗ್ಲಿಷ್ ಸಾಲೆಗೆ ಹಾಕಿದವನು ನಾನೇ. ಸೊಸೆ ಛಾಯಾ ಬಾರ್ಶಿ ಕಡೆಯವಳು, ಮರಾಠಿ ಓದಿದವಳು. ಅಕ್ಕಲಕೋಟದ ಹುಡುಗರಿಗೆ ಆಯುಷ್ಯವೆಲ್ಲ ಒತ್ತಕ್ಷರ ತಿದ್ದಿದ ಕನ್ನಡ ಸಾಲೆಯ ಹೆಡ್ ಮಾಸ್ತರ ನಾನು. ನನ್ನ ಕನ್ನಡ ಓದುವವರು ನನ್ನ ಮನೆಯಲ್ಲಿ ಯಾರೂ ಇಲ್ಲ. ಹೀಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು.

ಬರೆಯಲು ಕಾರಣ ನಮ್ಮ ಆಮೆ. ಮಲಕಾಜಪ್ಪನ ಬಲಗಡೆಯ ಹಿಂಗಾಲು ಚಿಪ್ಪಿನೊಳಗೆ ಹೋಗುತ್ತಿಲ್ಲ. ತೊಡೆಯ ಸಂದಿನಲ್ಲಿ ನಿಂಬೆಕಾಯಿಯಷ್ಟು ಉಬ್ಬಿದೆ. ಇದು ನನ್ನ ಮನೆಯಲ್ಲಿ ಆದದ್ದಲ್ಲ ಎಂದು ಮೊದಲೇ ಇಲ್ಲಿ ನಮೂದಿಸಿಬಿಡುತ್ತೇನೆ. ಯುಗಾದಿ ಪಾಡ್ಯದ ದಿನ ಆಚೆ ಮನೆಯಿಂದ ಬಂದಾಗಲೇ ಅದರ ನಡಿಗೆ ಸರಿಯಿರಲಿಲ್ಲ.

ಆಚೆ ಮನೆ ಅಂದರೆ ಗೋಡೆಯ ಆಚೆ. ಅಲ್ಲಿ ಇರುವವನು ನನ್ನ ತಾಯಿಯ ಹೊಟ್ಟೆಯಲ್ಲಿ ನನ್ನ ನಂತರ ಹುಟ್ಟಿದವನು. ಅವನ ಹೆಸರು ಬರೆದು ಕಾಗದ ಕೆಡಿಸುವುದಿಲ್ಲ. ಅವ್ವ ಲಕ್ಷ್ಮೀಬಾಯಿ ತೀರಿದ ಮೇಲೆ ಆಸ್ತಿಯ ವಾಟಣಿ ಆಯಿತು. ಹೊಲ, ಬಾವಿಯ ಪಾಳಿ, ಎತ್ತು, ಬೇವಿನ ಮರದ ನೆರಳು, ಎಲ್ಲ ಪಾಲಾಯಿತು. ನಡುಮನೆಯಲ್ಲಿ ಗೋಡೆ ಎದ್ದಿತು. ಕೊನೆಗೆ ಹಿತ್ತಲಿನ ನೀರಿನ ಟಾಕಿಯಲ್ಲಿದ್ದ ಆಮೆಯೊಂದು ಉಳಿಯಿತು. ಶೈಲೇಶ ಸಣ್ಣವನಿದ್ದಾಗ ಸೊಲ್ಲಾಪುರದ ಅಂಗಡಿಯಿಂದ ತಂದಾಗ ಅದು ಬಿಸ್ಕಿಟಿನಷ್ಟಿತ್ತು. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ವಿಲಾಯತಿ ಜಾತಿ. ಅವ್ವ ಅದಕ್ಕೆ ಮಲಕಾಜಪ್ಪ ಎಂದು ದೇವರ ಹೆಸರಿಟ್ಟು, ಜೋಳದ ಭಕ್ರಿ ತಿನ್ನಿಸಿ ತಾಟಿನಷ್ಟು ಮಾಡಿದ್ದಳು. ಅದನ್ನು ಕಡಿದು ಹಂಚುವ ಹಾಗಿಲ್ಲ. ಪಂಚರು ತಲೆ ಕೆರೆದುಕೊಂಡು ತೀರ್ಪು ಕೊಟ್ಟರು. ಪಾಡ್ಯದಿಂದ ದಸರಾ ತನಕ ಹಿರಿಯನ ಮನೆ, ದಸರಾದಿಂದ ಪಾಡ್ಯದ ತನಕ ಕಿರಿಯನ ಮನೆ.

೨೭ ಆಗಸ್ಟ್, ಮಂಗಳವಾರ

ಆಚೆ ಮನೆಯವನು ಹಿತ್ತಲ ಗೋಡೆಯ ಮೇಲೆ ಮೊಣಕೈ ಊರಿ ನಿಂತಿದ್ದ. ಮನೆಯೊಳಗೆ ಗೋಡೆ ಸೂರಿನ ತನಕ ಇದೆ, ಹಿತ್ತಲಲ್ಲಿ ಎದೆಮಟ್ಟ. ವಾಟಣಿ ಆದಾಗಿನಿಂದ ನಾವು ಒಬ್ಬರೊಡನೊಬ್ಬರು ಮಾತಾಡಿಲ್ಲ. ಹೇಳಲೇಬೇಕಾದದ್ದು ಇದ್ದರೆ ಆಮೆಗೆ ಹೇಳುತ್ತೇವೆ. ಅದು ಎರಡೂ ಮನೆಗೆ ಸೇರಿದ್ದು, ಹೀಗಾಗಿ ಅದರ ಜೊತೆ ಮಾತಾಡಿದರೆ ಯಾರ ಮರ್ಯಾದೆಗೂ ಕುಂದಿಲ್ಲ.

"ಮಲಕಾಜಪ್ಪಾ, ನಿನ್ನ ಕಾಲು ಹಿಂಗ್ಯಾಕ ಊದೈತಿ? ಈ ಮನ್ಯಾಗ ನಿನಗ ಏನ್ ತಿನಿಸಾಕತ್ತಾರ?" ಎಂದ.

ನಾನು ಟಾಕಿಯ ಕಡೆ ಬಗ್ಗಿ ಹೇಳಿದೆ. "ಮಲಕಾಜಪ್ಪಾ, ಅವಂಗ ಹೇಳು. ಶೇಂಗಾ ಚಟ್ನಿ ಹಚ್ಚಿ ಭಕ್ರಿ ತಿನಿಸಿ ಕಳಿಸ್ಯಾರಲ್ಲ, ಆ ಮನ್ಯಾಗ ಹುಟ್ಟಿದ ರೋಗ ಇದು."

"ಚಟ್ನಿ ಅದಕ್ಕ ಬಾಳ ಸೇರ್ತದ ಅಂತ ಹೇಳು."

"ಸೇರಿದ್ದೆಲ್ಲಾ ಕೊಡಾಕ ಬರಂಗಿಲ್ಲ ಅಂತ ಹೇಳು."

ಮಲಕಾಜಪ್ಪ ತಲೆ ಒಳಗೆ ಎಳೆದುಕೊಂಡಿತು. ಮಧ್ಯಸ್ಥಿಕೆಯ ಕೆಲಸ ಅದಕ್ಕೂ ಸಾಕಾಗಿರಬೇಕು.

೩೦ ಆಗಸ್ಟ್, ಶುಕ್ರವಾರ

ಛಾಯಾ ಹಟ ಹಿಡಿದಳು ಎಂದು ಆಮೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಸೊಲ್ಲಾಪುರಕ್ಕೆ ಹೋಗಿಬಂದೆವು. ನಾಯಿ ಬೆಕ್ಕುಗಳ ಆಸ್ಪತ್ರೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮನೀಷಾ ಬಾಯಿ. ಆಮೆಯನ್ನು ತಿರುವಿ ಮರುವಿ ನೋಡಿ, ಎಕ್ಸ್‌ರೇ ತೆಗೆದು ಹೇಳಿದಳು: "ಗಾಠ ಆಹೆ, ಕಾಕಾ. ಕಾಢಾವಿ ಲಾಗೇಲ." ಅಂದರೆ ಗಡ್ಡೆ, ಕೊಯ್ದು ತೆಗೆಯಬೇಕು. ಬಿಟ್ಟರೆ ಬೆಳೆಯುತ್ತದೆ. ತೆಗೆಯುವಾಗಲೂ ಭಯವಿದೆ, ವಯಸ್ಸಾದ ಜೀವ, ಮಂಪರಿನಿಂದ ಏಳದಿದ್ದರೂ ಏಳದಿರಬಹುದು. ಮೊದಲು ಅದಕ್ಕೆ ಮೈಯಲ್ಲಿ ಶಕ್ತಿ ಬರಬೇಕು. ಭಕ್ರಿ ಬಂದ್. ಎರೆಹುಳ, ಸಣ್ಣ ಮೀನು, ಸೊಪ್ಪು.

ಇನ್ನೊಂದು ಮಾತೂ ಹೇಳಿದಳು. ಮಲಕಾಜಪ್ಪ ಗಂಡಲ್ಲವಂತೆ, ಹೆಣ್ಣಂತೆ. ಅವ್ವ ದಿನಾ ಬೆಳಿಗ್ಗೆ "ಅಪ್ಪಾ, ಕಾಪಾಡಪ್ಪಾ" ಎಂದು ಕೈಮುಗಿಯುತ್ತಿದ್ದಳು. ಯಾಕೆ ಕಾಪಾಡಲಿಲ್ಲ ಎಂಬುದು ಈಗ ತಿಳಿಯಿತು, ಕರೆದದ್ದು ತನ್ನನ್ನೇ ಎಂದು ಅದಕ್ಕೆ ಗೊತ್ತಾಗಿರಲಿಕ್ಕಿಲ್ಲ.

ಮನೆಗೆ ಬಂದ ಕೂಡಲೇ ಛಾಯಾ ಹಿತ್ತಲಲ್ಲಿ ನಿಂತು ಗುರಮ್ಮನಿಗೆ ದೊಡ್ಡ ದನಿಯಲ್ಲಿ ವರದಿ ಒಪ್ಪಿಸಿದಳು. ತನಗೆ ಕನ್ನಡ ಬರುತ್ತದೆ ಎಂದು ತೋರಿಸಲು ಅವಳಿಗೆ ಬಹಳ ಹುರುಪು. "ಅತ್ತಿ, ಮಲಕಾಜಪ್ಪನ ಹೊಟ್ಟಿ ಬಾಜೂಕ ಗಂಟು ಸಿಕ್ಕೈತ್ರಿ. ಎಕ್ಸ್‌ರೇದಾಗ ಕಾಣತೈತಿ. ಡಾಕ್ಟರ ತೆಗದು ಕೊಡ್ತಾರಂತ."

ಗೋಡೆಯಾಚೆ ಪಾತ್ರೆ ತಿಕ್ಕುತ್ತಿದ್ದ ನಂದಾಳ ಬಳೆಯ ಸಪ್ಪಳ ಗಕ್ಕನೆ ನಿಂತಿತು. ನಂದಾ ಅಂದರೆ ಆಚೆ ಮನೆಯವನ ಹೆಂಡತಿ. ಆಗ ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

೩೧ ಆಗಸ್ಟ್, ಶನಿವಾರ

ಬೆಳಿಗ್ಗೆ ಬಾಗಿಲಲ್ಲಿ ಜನ. ಮುಂದೆ ಆಚೆ ಮನೆಯವನು, ಪಕ್ಕದಲ್ಲಿ ವಾಟಣಿಯ ಪಂಚ ಗುರುನಾಥ, ಹಿಂದೆ ಬೇರೆ ಕೆಲಸವಿಲ್ಲದ ಅರ್ಧ ಓಣಿ.

ಏನು ನಡೆಯಿತೆಂಬುದು ಸರಿಯಾಗಿ ತಿಳಿಯಬೇಕಾದರೆ ಹಳೆಯದನ್ನು ಸ್ವಲ್ಪ ಬರೆಯಬೇಕು. ನಮ್ಮ ಮನೆ ಒಡೆದದ್ದು ಹೊಲಕ್ಕಲ್ಲ, ಗಂಟಿಗೆ. "ನನ್ನ ಗಂಟು ಐತಿ, ನನಗ ಯಾರ ಹಂಗೂ ಇಲ್ಲ" ಎಂದು ಅವ್ವ ಬದುಕಿದ್ದಷ್ಟು ಕಾಲ ಹೇಳುತ್ತಿದ್ದಳು. ಬಂಗಾರದ ಗಂಟು ಎಂದು ಎಲ್ಲರೂ ತಿಳಿದಿದ್ದೆವು. ಆಕೆ ಹೋದ ಮೇಲೆ ಪೆಟ್ಟಿಗೆ ತೆಗೆದರೆ ಎರಡು ಇಳಕಲ್ ಸೀರೆ, ಒಂದು ವಿಭೂತಿ ಗಟ್ಟಿ. ಗಂಟು ಇಲ್ಲ. ನಾನು ತೆಗೆದಿಲ್ಲ. ಮನೆಯಲ್ಲಿ ಇದ್ದದ್ದು ಇಬ್ಬರೇ ಮಕ್ಕಳು. ತೆಗೆದವನು ಯಾರು ಎಂದು ಹೇಳಲು ಹೆಡ್ ಮಾಸ್ತರನೇ ಬೇಕೆಂದಿಲ್ಲ.

ಈಗ ಓಣಿಯಲ್ಲಿ ಹಬ್ಬಿದ ಸುದ್ದಿ ಹೀಗೆ: ಮುದುಕಿ ಸಾಯುವ ಮೊದಲು ಬಂಗಾರವನ್ನು ಭಕ್ರಿಯಲ್ಲಿ ಸುತ್ತಿ ಆಮೆಗೆ ನುಂಗಿಸಿದ್ದಾಳೆ, ಹೆಡ್ ಮಾಸ್ತರ ಗುಟ್ಟಾಗಿ ಸೊಲ್ಲಾಪುರಕ್ಕೆ ಒಯ್ದು ಫೋಟೋ ತೆಗೆಸಿ ನೋಡಿದ್ದಾನೆ, ಈಗ ಹೊಟ್ಟೆ ಕೊಯ್ಸಿ ಒಬ್ಬನೇ ಹೊಡೆದುಕೊಳ್ಳುವವನಿದ್ದಾನೆ.

"ಮಲಕಾಜಪ್ಪಾ," ಎಂದ ಆಚೆ ಮನೆಯವನು ಹಿತ್ತಲಿಗೆ ಬಂದು ಟಾಕಿಯ ಹತ್ತಿರ ನಿಂತು, "ಅವ್ವನ ಗಂಟು ಸಿಕ್ಕಿದ್ದು ಖರೇ ಏನು? ಸಿಕ್ಕಿದ್ರ ಅರ್ಧಾ ನಂದು ಅಂತ ಪಂಚರ ಮುಂದ ಹೇಳು."

ನಾನು ಬಾಯಿ ತೆರೆಯುವ ಮೊದಲೇ ಗುರುನಾಥ ಎಕ್ಸ್‌ರೇ ಹಾಳೆಯನ್ನು ಬಿಸಿಲಿಗೆ ಹಿಡಿದು ಪರೀಕ್ಷಿಸತೊಡಗಿದ್ದ. ಸೊಂಟದ ಎಲುಬಿನ ಮೇಲೆ ಬೆರಳಿಟ್ಟು, "ಇದು ನೋಡ್ರಿ, ಬುಗುಡಿ. ಇದು ಸರದ ತುಂಡು ಇದ್ದಂಗ ಕಾಣತೈತಿ," ಎಂದ. ಬೆನ್ನೆಲುಬು ನೋಡಿ ಜನ ತಲೆದೂಗಿದರು. ಆಮೆಯೊಳಗೆ ಇಷ್ಟೊಂದು ದಾಗೀನು ಇದೆ ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ.

ನಾನು ಸಾಲೆಯಲ್ಲಿ ಬಳಸುತ್ತಿದ್ದ ದನಿ ತೆಗೆದೆ. "ಮಲಕಾಜಪ್ಪಾ, ಎಲ್ಲಾರಿಗೂ ಹೇಳು. ಇದು ಕನ್ನಡದ ಗಂಟಲ್ಲ, ಮರಾಠಿ ಗಾಠ. ರೋಗದ ಗಡ್ಡಿ. ಇದರಾಗ ಯಾರಿಗೆ ಅರ್ಧಾ ಬೇಕೋ ಕೈ ಎತ್ತಲಿ."

ಯಾರೂ ಎತ್ತಲಿಲ್ಲ. ಗುರುನಾಥ ಬುಗುಡಿಯ ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟು, ಹೊಲದಲ್ಲಿ ಕೆಲಸವಿದೆ ಎಂದು ಹೊರಟ. ಓಣಿಯವರೂ ಕರಗಿದರು. ಆಚೆ ಮನೆಯವನು ಮಾತ್ರ ಅಲ್ಲೇ ಕುಕ್ಕರಗಾಲಲ್ಲಿ ಕೂತು ಆಮೆಯ ಕಾಲನ್ನು ನೋಡುತ್ತಿದ್ದ. "ಉಳೀತೈತೇನು?" ಎಂದು ಕೇಳಿದ. ಯಾರನ್ನು ಕೇಳಿದನೋ ತಿಳಿಯಲಿಲ್ಲ.

೪ ಸೆಪ್ಟೆಂಬರ್, ಬುಧವಾರ

ಎರೆಹುಳದ ಮಾತು ಎತ್ತಿದ್ದಕ್ಕೆ ಗುರಮ್ಮ ಕೊರಳಿನ ಲಿಂಗ ಮುಟ್ಟಿಕೊಂಡಳು. "ಈ ಮನ್ಯಾಗ ತತ್ತಿ ಸೈತ ಬಂದಿಲ್ರಿ. ಹುಳಾ ಹಿಡದು ತಿನಸೂದು ನನ್ನ ಕಡಿಂದ ಆಗಂಗಿಲ್ಲ."

"ನಾನು ಹೆಡ್ ಮಾಸ್ತರ. ಹುಳಕ್ಕ ಮಣ್ಣ ಅಗಿಯಂವಲ್ಲ," ಎಂದೆ.

ಆಮೆಯ ಮುಂದೆ ನುಗ್ಗೆಸೊಪ್ಪು ಇಟ್ಟರೆ ಅದು ನಮ್ಮನ್ನೇ ನೋಡುತ್ತದೆ. ಇಷ್ಟು ವರ್ಷ ಭಕ್ರಿ ತಿಂದು ಅದೂ ಲಿಂಗಾಯತರ ಆಮೆಯಾಗಿದೆ.

೬ ಸೆಪ್ಟೆಂಬರ್, ಶುಕ್ರವಾರ

ಬೆಳಿಗ್ಗೆ ಹಿತ್ತಲ ಗೋಡೆಯ ಮೇಲೆ ಒಂದು ಹಳೇ ಡಬ್ಬಿ. ಒಳಗೆ ಹಸಿ ಮಣ್ಣು, ಮಣ್ಣಲ್ಲಿ ಎರೆಹುಳ. ಬಾವಿಯ ಹತ್ತಿರದ ಕಪ್ಪು ಮಣ್ಣು ಅದು. ಆ ಕಡೆಯ ಹೊಲ ಯಾರ ಪಾಲಿಗೆ ಹೋಗಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಇಟ್ಟವರ ಹೆಸರು ಡಬ್ಬಿಯ ಮೇಲೆ ಇರಲಿಲ್ಲವಾದ್ದರಿಂದ ಉಪಕಾರ ಸ್ಮರಿಸುವ ಪ್ರಶ್ನೆ ಬರುವುದಿಲ್ಲ. ಗುರಮ್ಮ ಆ ಕಡೆ ಮುಖ ತಿರುವಿ ನಿಂತಳು. ನಾನು ಚಿಮಟಿಗೆಯಿಂದ ತಿನ್ನಿಸಿದೆ. ಆಮೆ ಗಬಕ್ಕನೆ ನುಂಗಿತು. ಇಷ್ಟು ವರ್ಷ ಅದು ಉಪವಾಸ ಹಿಡಿದಿತ್ತೋ ಏನೋ.

ಖಾಲಿ ಡಬ್ಬಿಯನ್ನು ತೊಳೆದು ಗೋಡೆಯ ಮೇಲೆ ಇಟ್ಟೆ.

೧೩ ಸೆಪ್ಟೆಂಬರ್, ಶುಕ್ರವಾರ

ಡಬ್ಬಿ ದಿನಾ ತುಂಬಿ ಬರುತ್ತಿದೆ.

ಇವತ್ತು ಮೋಟರ್ ಸೈಕಲ್ ಮೇಲೆ ಅಪರಿಚಿತನೊಬ್ಬ ಬಂದು, ಆಮೆಯ ಉಗುರು ಎಣಿಸಬೇಕು ಎಂದ. ಇಪ್ಪತ್ತು ಉಗುರು ಇದ್ದರೆ ಪೂಜೆ ಮಾಡಿ ನೋಟಿನ ಮಳೆ ಸುರಿಸುತ್ತಾರಂತೆ. ನಾನು ಕೋಲು ಹುಡುಕುವಷ್ಟರಲ್ಲಿ ಆಚೆ ಮನೆಯವನು ಗೋಡೆ ಹಾರಿ ಬಂದು ಅವನನ್ನು ಓಣಿಯ ತುದಿಯ ತನಕ ಅಟ್ಟಿದ. ವಾಪಸ್ ಬಂದು ಏದುಸಿರು ಬಿಡುತ್ತ ಹೇಳಿದ: "ಮಲಕಾಜವ್ವಾ, ಬಾಗಲಾ ಹಾಕ್ಕೊಂಡು ಇರ್ರಿ ಅಂತ ಹೇಳು." ಅವ್ವಾ ಎಂದದ್ದನ್ನು ಗಮನಿಸಿದೆ. ಹೆಣ್ಣೆಂಬ ಸುದ್ದಿ ಅವನಿಗೆ ಯಾರು ಮುಟ್ಟಿಸಿದರೋ. ಈ ಮನೆಯಲ್ಲಿ ಬಾಯಿಗೆ ಬೀಗವಿಲ್ಲ.

ಆಪರೇಶನ್ ಮಾಡಿಸುವುದೆಂದು ತೀರ್ಮಾನಿಸಿದ್ದೇನೆ. ಒಂದು ಆಮೆಗಾಗಿ ಇಷ್ಟೆಲ್ಲ ಓಡಾಡುವ ಮರುಳು ನನಗಿಲ್ಲ. ಆದರೆ ಮಾಡಿಸದೆ ಅದು ಸತ್ತರೆ, ಹಿರಿಯ ಕೊಂದ ಎಂದು ಆಚೆ ಮನೆಯವನು ಊರು ತುಂಬ ಹೇಳಿಕೊಂಡು ಬರುತ್ತಾನೆ. ಅದಕ್ಕಾಗಿ ಮಾತ್ರ.

೨೪ ಸೆಪ್ಟೆಂಬರ್, ಮಂಗಳವಾರ

ಸೊಲ್ಲಾಪುರದ ಲಾಡ್ಜಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಬುಟ್ಟಿಯಲ್ಲಿ ಹಸಿ ಗೋಣಿತಟ್ಟು ಹಾಸಿ ಆಮೆಯನ್ನು ಇಟ್ಟುಕೊಂಡು ಎಸ್‌ಟಿ ಸ್ಟ್ಯಾಂಡಿಗೆ ಹೋದರೆ ಆಚೆ ಮನೆಯವನು ಆಗಲೇ ಬಸ್ಸಿನಲ್ಲಿ ಕೂತಿದ್ದ. "ಮಲಕಾಜವ್ವಾ, ನನ್ನ ಪಾಲೂ ನಿನ್ನಾಗ ಐತಿ. ನಾ ಬರಾಂವ," ಎಂದ. ಕಾಯಿದೆಯ ಪ್ರಕಾರ ಅದು ಸರಿ. ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಕೂತೆವು.

ಕಂಡಕ್ಟರ್ ಬುಟ್ಟಿಗೂ ಟಿಕೀಟು ಎಂದ. ಆಚೆ ಮನೆಯವನು ಆಮೆಯ ಕಡೆ ನೋಡಿ, "ಹೆಣ್ಮಕ್ಕಳಿಗೆ ಅರ್ಧಾ ಟಿಕೀಟು ಐತಲ್ಲ, ಹೆಣ್ಣೈತಿ ಅಂತ ಹೇಳವ್ವಾ," ಎಂದ. ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದ. ಬಸ್ಸಿನ ತುಂಬ ನಗು. ನಾನು ನಗಲಿಲ್ಲ, ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೆ.

ಆಸ್ಪತ್ರೆಯಲ್ಲಿ ಮನೀಷಾ ಬಾಯಿ ಕಾಗದ ಮುಂದಿಟ್ಟು, ಮಾಲಕರು ಯಾರು, ಸಹಿ ಮಾಡಿ ಎಂದಳು. ಇಷ್ಟು ವರ್ಷ ಆಮೆ ನನ್ನದು ನನ್ನದು ಎಂದವರು ನಾವು. "ಮಂಪರಿನಿಂದ ಏಳದಿದ್ದರೆ ಆಸ್ಪತ್ರೆ ಜವಾಬ್ದಾರಿಯಲ್ಲ" ಎಂಬ ಸಾಲು ಓದಿದ ಮೇಲೆ ನಾನು ಅವನ ಕಡೆ ಬೆರಳು ಮಾಡಿದೆ. ಅವನು ನನ್ನ ಕಡೆ ಮಾಡಿದ. ಬಾಯಿ ಇಬ್ಬರ ಸಹಿಯನ್ನೂ ತೆಗೆದುಕೊಂಡಳು. ಆಮೆಯನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು.

ಹೊರಗೆ ಕೂರುವ ಬಾಕಿನ ಮೇಲೆ ನಾವಿಬ್ಬರು, ನಡುವೆ ಬುಟ್ಟಿ. ಆಗ ಗೊತ್ತಾಯಿತು, ಮಾತಾಡಲು ಯಾರೂ ಇಲ್ಲ. ಅವನು ಕೆಮ್ಮಿದ. ನಾನು ಗೋಡೆಯ ಮೇಲಿನ ನಾಯಿಯ ಚಿತ್ರ ನೋಡಿದೆ. ಅವನು ಎದ್ದು ಹೋಗಿ ಅದೇ ನಾಯಿಯನ್ನು ಹತ್ತಿರದಿಂದ ನೋಡಿ ಬಂದ. ಬಹಳ ಹೊತ್ತು ಹೀಗೇ ಹೋಯಿತು. ಕೊನೆಗೆ ಅವನು ಬಗ್ಗಿ ಖಾಲಿ ಬುಟ್ಟಿಗೆ ಹೇಳಿದ: "ಚಹಾ ಕುಡೀತಾನೇನು ಕೇಳು."

ನಾನೂ ಬುಟ್ಟಿಗೇ ಹೇಳಿದೆ. "ಸಕ್ಕರಿ ಕಮ್ಮಿ ಹಾಕಸು ಅಂತ ಹೇಳು."

ಎದುರಿಗೆ ಬಿಳೀ ನಾಯಿಮರಿ ಹಿಡಿದು ಕೂತಿದ್ದ ಹೆಂಗಸು ಎದ್ದು ದೂರದ ಬಾಕಿಗೆ ಹೋದಳು.

ಚಹಾ ಕುಡಿಯುವಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಆಮೆ ಹೊರಗೆ ಬರದಿದ್ದರೆ ಮುಂದೆ ಯಾರ ಮುಖ ನೋಡಿ ಮಾತಾಡುವುದು? ಖಾಲಿ ಬುಟ್ಟಿಯನ್ನು ಎಷ್ಟು ದಿನ ನಡುವೆ ಇಟ್ಟುಕೊಳ್ಳಲು ಆಗುತ್ತದೆ? ಅದು ಹೋದರೆ ಗೋಡೆಯ ಮೇಲೆ ಮೊಣಕೈ ಊರಿ ನಿಲ್ಲಲು ಅವನಿಗೆ ಕಾರಣ ಉಳಿಯುವುದಿಲ್ಲ. ಕಪ್ಪು ವಾಲಿ ಚಹಾ ಅಂಗಿಯ ಮೇಲೆ ಚೆಲ್ಲಿತು.

ಅವನು ತನ್ನ ಟಾವೆಲ್ಲು ಬುಟ್ಟಿಯ ಮೇಲೆ ಇಟ್ಟ. "ಒರಸ್ಕೋ ಅಂತ ಹೇಳು," ಎಂದ. ಆಮೇಲೆ ತಲೆ ಎತ್ತದೆ ಹೇಳಿದ: "ಅವ್ವನ ಗಂಟು ನಾ ತಗೊಂಡಿಲ್ಲ ಅಂತ ಹೇಳು. ಮಲಕಾಜವ್ವನ ಆಣಿ."

"ನಾನೂ ತಗೊಂಡಿಲ್ಲ ಅಂತ ಹೇಳು," ಎಂದೆ.

ಬುಟ್ಟಿ ಎರಡೂ ಮಾತನ್ನು ಕೇಳಿಸಿಕೊಂಡಿತು.

"ಹಂಗಾದ್ರ ಎಲ್ಲಿ ಹೋತು?"

ಅದನ್ನೇ ನಾನೂ ಯೋಚಿಸುತ್ತಿದ್ದೆ. ಅವ್ವನ ಗಂಟನ್ನು ನಮ್ಮಿಬ್ಬರಲ್ಲಿ ಯಾರೂ ಕಣ್ಣಿಂದ ನೋಡಿಲ್ಲ. ಗಂಟಿನ ಮಾತು ಅವಳು ಎತ್ತುತ್ತಿದ್ದದ್ದು ಸೊಸೆಯಂದಿರು ಹತ್ತಿರವಿದ್ದಾಗ ಮಾತ್ರ. ಆ ಮಾತು ಬಂದ ದಿನ ಗುರಮ್ಮ ಬಿಸಿ ಭಕ್ರಿ ಬಡಿಯುತ್ತಿದ್ದಳು, ನಂದಾ ಅದರ ಮೇಲೆ ಬೆಣ್ಣೆ ಇಡುತ್ತಿದ್ದಳು.

"ಮುದುಕಿಗೆ ಬಿಸಿ ಭಕ್ರಿ ಬೇಕಾಗಿತ್ತು ಅಂತ ಹೇಳು," ಎಂದೆ.

ನನ್ನ ತಮ್ಮ ಸಿದ್ಧರಾಮ ಚಹಾದ ಕಪ್ಪನ್ನು ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮನೀಷಾ ಬಾಯಿಯ ಕೈಯಲ್ಲಿ ಸಣ್ಣ ಬಾಟಲಿ. ಗಡ್ಡೆ ಪೂರಾ ಬಂದಿದೆ, ಪರೀಕ್ಷೆಗೆ ಪುಣೆಗೆ ಕಳಿಸುತ್ತೇವೆ, ಆಮೆಗೆ ಎಚ್ಚರ ಬರುವುದು ನಿಧಾನ, ಇವತ್ತು ಏನೂ ಹೇಳಲಾಗದು ಎಂದಳು. ಬಾಟಲಿಯನ್ನು ನಮ್ಮ ಮುಂದೆ ಹಿಡಿದು, "ಹೀ ಬಘಾ ಗಾಠ," ಎಂದಳು.

ಸಿದ್ಧರಾಮ ಬಾಟಲಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬುಟ್ಟಿಯ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದ.

"ಅಣ್ಣಾ, ಗಂಟು ಸಿಕ್ತು ನೋಡು. ವಾಟಣಿ ಮಾಡೂಣೇನು?"

"ಗುರುನಾಥನ್ನ ಕರೀಬೇಕಾಗ್ತೈತಿ," ಎಂದೆ. "ಬುಗುಡಿ ಯಾವುದು, ಸರಾ ಯಾವುದು, ಅವಂಗ ಗೊತ್ತಾಗ್ತೈತಿ."

ಅವನು ನಗತೊಡಗಿದ. ನಗುತ್ತ ನಗುತ್ತ ಅತ್ತುಬಿಟ್ಟ. ನನಗೂ ಕಣ್ಣಲ್ಲಿ ನೀರು ಬಂತು. ಆಸ್ಪತ್ರೆಯಲ್ಲಿ ಫಿನಾಯಿಲ್ ಬಹಳ ಹಾಕಿರುತ್ತಾರೆ.

ಆಮೆಯನ್ನು ಅಲ್ಲೇ ಇರಿಸಿಕೊಂಡು ನಮಗೆ ಮನೆಗೆ ಹೋಗಿ ಎಂದರು. ಕೊನೆಯ ಬಸ್ಸು ತಪ್ಪಿತು ಎಂದು ಗುರಮ್ಮನಿಗೆ ಫೋನ್ ಮಾಡಿದೆ. ತಪ್ಪಿರಲಿಲ್ಲ.

೨೫ ಸೆಪ್ಟೆಂಬರ್, ಬುಧವಾರ

ಎದ್ದಿಲ್ಲ.

೨೬ ಸೆಪ್ಟೆಂಬರ್, ಗುರುವಾರ

ಮಧ್ಯಾಹ್ನ ಒಂದು ಕಣ್ಣು ತೆರೆಯಿತು. ಆಮೆಯ ಬಾಯಿಯ ಹತ್ತಿರ ಬೆರಳು ಒಯ್ಯಬೇಡ ಎಂದು ಸಿದ್ದುವಿಗೆ ಹೇಳಿದೆ, ಹೇಳಿದ್ದು ಕೇಳುವ ಜಾತಿಯಲ್ಲ ಅವನು. ಕಚ್ಚಿತು. ಸಿದ್ದು ಬೆರಳನ್ನು ಎತ್ತಿ ಹಿಡಿದು ಆಸ್ಪತ್ರೆಯವರಿಗೆಲ್ಲ ತೋರಿಸಿಕೊಂಡು ಬಂದ. ನೋವಾಯಿತೇನು ಎಂದು ಕೇಳಿದರೆ, "ಬಾಳ ಛೊಲೋ ಕಚ್ಚೈತಿ, ಅಣ್ಣಾ," ಎಂದ.

೧೨ ಅಕ್ಟೋಬರ್, ಶನಿವಾರ. ದಸರಾ

ಪುಣೆಯ ರಿಪೋರ್ಟು ಬಂದಿದೆ. ಗಡ್ಡೆ ಒಳ್ಳೆಯದಲ್ಲ, ಮತ್ತೆ ಬಂದರೂ ಬರಬಹುದು, ಬರುವ ತನಕ ಚೆನ್ನಾಗಿ ನೋಡಿಕೊಳ್ಳಿ ಎಂದು ಮನೀಷಾ ಬಾಯಿ ಫೋನಿನಲ್ಲಿ ಹೇಳಿದಳು. ಕೇಳಿ ಮನಸ್ಸಿಗೆ ಬೇಸರವಾಯಿತು. ಮಧ್ಯಾಹ್ನ ಸಿದ್ದುವಿಗೆ ಹೇಳಿದೆ. ಅವನು, "ನಮಗೂ ಡಾಕ್ಟರ ಅಷ್ಟ ಹೇಳ್ತಾರ," ಎಂದ.

ಸಂಜೆ ಬನ್ನಿ ಕೊಡಲು ನಂದಾಳನ್ನು ಕರೆದುಕೊಂಡು ಬಂದ. ನನ್ನ ಕಾಲಿಗೆ ಬಿದ್ದು, "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು," ಎಂದ. ಬಂಗಾರದ ಹೆಸರು ಕೇಳಿ ನನಗೆ ನಗು ತಡೆಯಲಿಲ್ಲ, ಅವನಿಗೂ ತಡೆಯಲಿಲ್ಲ. ಹಬ್ಬದ ದಿನ ಇಬ್ಬರು ಮುದುಕರು ಹೀಗೆ ಯಾಕೆ ನಗುತ್ತಾರೆ ಎಂದು ಗುರಮ್ಮ ಸಿಟ್ಟಾದಳು. ಆಮೆಯ ಬೆನ್ನ ಮೇಲೂ ಒಂದು ಬನ್ನಿ ಎಲೆ ಇಟ್ಟ. ಅದು ಹೊತ್ತುಕೊಂಡು ಹಿತ್ತಲೆಲ್ಲ ತಿರುಗಿತು.

೨೭ ಅಕ್ಟೋಬರ್, ರವಿವಾರ

ಬರೆಯಲು ವಿಶೇಷವೇನಿಲ್ಲ. ಕಾಲಿನ ಹೊಲಿಗೆ ಮಾಗಿದೆ. ಎರೆಹುಳ ಚೆನ್ನಾಗಿ ತಿನ್ನುತ್ತಿದೆ. ಗುರಮ್ಮ ಈಗ ಮುಖ ತಿರುವುವುದಿಲ್ಲ, ಮೂಗು ಮಾತ್ರ ಮುಚ್ಚಿಕೊಳ್ಳುತ್ತಾಳೆ. ಹಿತ್ತಲ ಗೋಡೆಯ ನಾಲ್ಕು ಕಲ್ಲು ಕಿತ್ತು ಬಂದಿವೆ, ಸಿದ್ದು ದಿನಾ ಹಾರಿ ಹಾರಿ. ಸರಿಮಾಡಿಸಬೇಕು.

ಒಂದು ಮಾತು ನೆನಪಿಗೆ ಬಂದು ಬರೆಯುತ್ತಿದ್ದೇನೆ. ದಸರಾ ಮುಗಿದು ಇಷ್ಟು ದಿನವಾಯಿತು. ಪಂಚರ ತೀರ್ಪಿನ ಪ್ರಕಾರ ಆಮೆ ಅವತ್ತೇ ಗೋಡೆಯಾಚೆ ಹೋಗಬೇಕಿತ್ತು. ಕಾಯಿದೆ ಅಂದರೆ ಕಾಯಿದೆ. ಸಿದ್ದುವಿಗೆ ನೆನಪು ಮಾಡಿಕೊಡಬೇಕು ಎಂದು ದಿನಾ ಸಂಜೆ ಅಂದುಕೊಳ್ಳುತ್ತೇನೆ. ಆದರೆ ಅವನು ಬಂದವನೇ ಟಾಕಿಯ ಕಟ್ಟೆಯ ಮೇಲೆ ಕೂತು ಮಾತು ಶುರುಮಾಡುತ್ತಾನೆ, ನಂದಾ ಊಟಕ್ಕೆ ಕರೆಯುವ ತನಕ ಬಾಯಿ ಮುಚ್ಚುವುದಿಲ್ಲ, ಆಮೆಯ ವಿಷಯ ಎತ್ತಲು ನನಗೆ ಸಂದೇ ಸಿಗುವುದಿಲ್ಲ.